ಮುದಿ ನಾಯಿಯ ಪಾದಕ್ಕೆ ಗಾಯವಾದಾಗ

ಮೊದಲು ಇದನ್ನು ನೋಡಿ. ಇದು ಸಲೈನ್ ಚೀಲ. ಆಸ್ಪತ್ರೆಯಲ್ಲಿ ಏರಿಸುತ್ತಾರಲ್ಲ, ಅದು ಖಾಲಿಯಾದ ಮೇಲೆ ಉಳಿಯುವ ಪ್ಲಾಸ್ಟಿಕ್ಕು. ಕಳೆದ ಮಳೆಗಾಲದಲ್ಲಿ ಮೂರು ವಾರ ನಮ್ಮ ಮನೆಯಲ್ಲಿ ಇದನ್ನು ತೊಳೆದು, ಒಣಗಿಸಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದೆವು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ನಾಯಿಯ ಹೆಸರು ಕಾಳು. ಮೈಯೆಲ್ಲ ಕಪ್ಪು, ಅದಕ್ಕೇ ಕಟ್ಟಡದ ಮರಾಠಿ ಮಕ್ಕಳು ಹಾಗೆ ಕರೆದರು. ಗದಗದಿಂದ ಬಂದ ನಮ್ಮವ್ವ ಮಾತ್ರ ಅದು ಹೆಸರುಕಾಳು, ಕಡಲೆಕಾಳಿನ ಕಾಳು ಅಂತಲೇ ತಿಳಿದುಕೊಂಡಿದ್ದಳು. ಬೀದಿಯಲ್ಲಿ ಹುಟ್ಟಿದವನು, ಮೂರು ತಿಂಗಳ ಮರಿಯಿದ್ದಾಗ ನಮ್ಮ ಮನೆಗೆ ಬಂದ. ಈಗ 13 ವರ್ಷ, 22 ಕೆಜಿ. ಕಿವಿ ಮಂದ, ಎಡಗಣ್ಣಿನಲ್ಲಿ ನೀಲಿ ಮಸುಕು, ಚಳಿ ಬಿದ್ದರೆ ಹಿಂಗಾಲು ಹಿಡಿದುಕೊಳ್ಳುತ್ತದೆ. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಹಳೇ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ.

ಜುಲೈನಲ್ಲಿ ಒಂದು ಸಂಜೆ ಗೇಟಿನ ಹತ್ತಿರ ಮೊಣಕಾಲ ಕೆಳಗೆ ನೀರು ನಿಂತಿತ್ತು. ಯಾರದೋ ಶೆಡ್ಡಿನಿಂದ ಹಾರಿಬಂದ ತಗಡಿನ ತುಂಡು ಆ ನೀರಿನಡಿ ಬಿದ್ದಿತ್ತು. ಕಾಳು ಅದರ ಮೇಲೆ ಎಡ ಮುಂಗಾಲಿಟ್ಟ. ಕೂಗಲಿಲ್ಲ, ನಿಲ್ಲಲಿಲ್ಲ, ನನ್ನ ಹಿಂದೆಯೇ ಮೂರು ಮಹಡಿ ಹತ್ತಿ ಬಂದ. ಬಾಗಿಲ ಬೀಗ ತೆಗೆಯುವಾಗ ಹಿಂತಿರುಗಿ ನೋಡಿದೆ. ಮೆಟ್ಟಿಲಿಗೊಂದು ಕೆಂಪು ಪಾದ.

ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಇವತ್ತು ಹೋಗಿ ಅದರ ಮುಂಗಾಲು ತಿರುಗಿಸಿ ನೋಡಿ. ನಾಲ್ಕು ಬೆರಳಿಗೆ ನಾಲ್ಕು ಸಣ್ಣ ಮೆತ್ತೆ, ನಡುವೆ ಒಂದು ದೊಡ್ಡ ಮೆತ್ತೆ, ಸ್ವಲ್ಪ ಮೇಲೆ ಮಣಿಕಟ್ಟಿನ ಹಿಂದೆ ಇನ್ನೊಂದು. ಹೊರಗೆ ಒರಟು ಚರ್ಮ, ಒಳಗೆ ಕೊಬ್ಬು, ಅದರ ತುಂಬಾ ರಕ್ತನಾಳ. ಹಾಗಾಗಿ ಮೆತ್ತೆ ಕೊಯ್ದುಕೊಂಡರೆ ರಕ್ತ ತುಂಬಾ ಹರಿಯುತ್ತದೆ, ನೋಡಿದವರ ಎದೆ ಒಡೆಯುತ್ತದೆ. ಆದರೆ ರಕ್ತ ನಿಲ್ಲಿಸುವುದು ಕಷ್ಟವಲ್ಲ. ಮಾಯಿಸುವುದು ಕಷ್ಟ. ಬೆನ್ನಿನ ಮೇಲಿನ ಗಾಯ ತನ್ನ ಪಾಡಿಗೆ ತಾನು ಮುಚ್ಚಿಕೊಳ್ಳುತ್ತದೆ. ಪಾದದ ಗಾಯದ ಮೇಲೆ ನಾಯಿ ನಿಲ್ಲುತ್ತದೆ, ನಿಂತಾಗೆಲ್ಲ ಮೆತ್ತೆ ಅಗಲವಾಗುತ್ತದೆ, ಗಾಯದ ಬಾಯಿ ತೆರೆದುಕೊಳ್ಳುತ್ತದೆ.

ಮೊದಲ ಹತ್ತು ನಿಮಿಷದ ಕೆಲಸ ಇಷ್ಟೇ. ಒಗೆದು ಒಣಗಿಸಿದ ಬಟ್ಟೆ ಮಡಚಿ, ಗಾಯದ ಮೇಲಿಟ್ಟು ಒತ್ತಿ ಹಿಡಿಯಿರಿ. ಐದು ನಿಮಿಷ, ಗಡಿಯಾರ ನೋಡಿಕೊಂಡು. ನಿಂತಿತಾ ಅಂತ ನಡುವೆ ಎತ್ತಿ ನೋಡಬೇಡಿ, ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದು ಇಡಿ. ಗಾಜೋ ತಗಡೋ ಆಳವಾಗಿ ಚುಚ್ಚಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಹದಿಮೂರು ವರ್ಷ ನಮ್ಮ ಕೈಯಿಂದಲೇ ಉಂಡ ನಾಯಿಯೂ ನೋವಿನಲ್ಲಿ ಕಚ್ಚಬಹುದು. ಅದು ಅದರ ತಪ್ಪಲ್ಲ. ದುಪಟ್ಟಾದಿಂದ ಮೂತಿಗೆ ಒಂದು ಸುತ್ತು ಹಾಕಿ, ಕಿವಿಯ ಹಿಂದೆ ಗಂಟು ಕಟ್ಟಿ. ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮಾತ್ರ ಕಟ್ಟಬೇಡಿ. ಕಚ್ಚಿಬಿಟ್ಟರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ. ನಮ್ಮ ಮನೆ ನಾಯಿ ಅಲ್ವಾ ಅಂತ ಬಿಡಬೇಡಿ.

ತೊಳೆಯಲು ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಸಾಕು. ಬೆಟಾಡಿನ್ ಇದ್ದರೆ ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಹನಿಸಿ. ಸ್ಪಿರಿಟ್ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಡೆಟಾಲ್ ಬೇಡ. ಇವು ಕ್ರಿಮಿಯ ಜೊತೆಗೆ ಮಾಯಲು ಹೊರಟ ಹಸಿ ಮಾಂಸವನ್ನೂ ಸುಡುತ್ತವೆ. ನಮ್ಮವ್ವ ಅಷ್ಟರಲ್ಲಿ ಅರಿಶಿನದ ಡಬ್ಬಿ ಹಿಡಿದು ಬಂದಿದ್ದಳು. ನಾನು ತಡೆಯುವ ಮೊದಲೇ ಒಂದು ಹಿಡಿ ಒತ್ತಿಬಿಟ್ಟಳು. ಪ್ರೀತಿಯಿಂದ ಮಾಡಿದ್ದು, ಅವಳ ಊರಲ್ಲಿ ಎತ್ತಿನ ಗಾಯಕ್ಕೂ ಅದೇ, ಮಕ್ಕಳ ಮೊಣಕಾಲಿಗೂ ಅದೇ. ಆದರೆ ಅಡುಗೆಮನೆಯ ಪುಡಿ ರಕ್ತದ ಜೊತೆ ಕಲೆತು ಗಾರೆಯ ಹಾಗೆ ಗಟ್ಟಿಯಾಯಿತು. ಗಾಯ ಎಷ್ಟು ಆಳ ಅಂತ ಕಾಣಬೇಕಲ್ಲ, ಡಾಕ್ಟರು ಅದನ್ನು ತೊಳೆದು ತೆಗೆಯುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು, ಆ ಇಪ್ಪತ್ತು ನಿಮಿಷ ಕಾಳು ನಡುಗುತ್ತಾ ನನ್ನ ತೋಳಿನೊಳಗೆ ಮೂತಿ ತುರುಕಿಕೊಂಡಿದ್ದ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಇದರಲ್ಲಿ ನಾಯಿಯ ಜೀವವೇ ಹೋಗುತ್ತದೆ. ನೋವು ನೋಡಲಾರದೆ ನಮ್ಮ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ಕ್ರೋಸಿನ್ ಇರಲಿ, ಕಾಂಬಿಫ್ಲಾಂ ಇರಲಿ, ಡೈಕ್ಲೊಫೆನಾಕ್ ಇರಲಿ. ಕಾಂಬಿಫ್ಲಾಂನಲ್ಲಿರುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಪಶುವೈದ್ಯರು ಮೆಲಾಕ್ಸಿಕಾಂ ಕೊಡುತ್ತಾರೆ, ನಿಜ. ಆದರೆ ಮೊದಲ ದಿನ ಬಿಟ್ಟರೆ ಹತ್ತು ಕೆಜಿ ನಾಯಿಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಲೆಕ್ಕ. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ. ಅರ್ಧ ಮಾಡಿ ಕೊಟ್ಟರಾಯಿತು ಅನ್ನುವ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಅಂತ ನೀವೇ ನೋಡಿ. ಅದೂ ಅಲ್ಲದೆ ವಯಸ್ಸಾದ ನಾಯಿಯ ಮೂತ್ರಪಿಂಡ ಮೊದಲೇ ಸೋತಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೇ ಒಳ್ಳೆಯ ಡಾಕ್ಟರು ನೋವಿನ ಔಷಧ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಕೇಳುತ್ತಾರೆ. ದುಡ್ಡು ಮಾಡಲು ಕೇಳುತ್ತಿದ್ದಾರೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಮುಂಬಯಿಯ ಮಲಬಾರ್ ಹಿಲ್‌ನ ದುಂಗರವಾಡಿಯಲ್ಲಿ ಪಾರ್ಸಿಗಳು ದೇಹವನ್ನು ರಣಹದ್ದುಗಳಿಗೆ ಒಪ್ಪಿಸುತ್ತಿದ್ದರು ಅಂತ ನಿಮಗೆಲ್ಲ ಗೊತ್ತು. ಆ ಹದ್ದುಗಳು ಈಗ ಇಲ್ಲ. ದೇಶದ ತುಂಬಾ ಅವು ಸತ್ತಿದ್ದು ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್‌ನಿಂದ. ಸತ್ತ ದನದ ಮಾಂಸದಲ್ಲಿ ಉಳಿದ ಔಷಧ ಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ಒಂದು ಜೀವಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ, ಇದಕ್ಕೆ ನಮ್ಮ ಊರಿನಲ್ಲೇ ಇಷ್ಟು ದೊಡ್ಡ ಸಾಕ್ಷಿ ಇರುವಾಗ ನಾವು ಇನ್ನೂ ನಮ್ಮ ಮಾತ್ರೆಯನ್ನು ನಾಯಿಗೆ ಹಾಕುತ್ತೇವೆ.

ಸರಿ, ಕ್ಲಿನಿಕ್ಕಿಗೆ ಬರೋಣ. ದೊಡ್ಡ ಮೆತ್ತೆ ಅರ್ಧಕ್ಕೆ ಸೀಳಿತ್ತು. ಐದು ಹೊಲಿಗೆ. ಗಾಯ ನಿಂತ ನೀರಿನಲ್ಲಿ ಆದದ್ದರಿಂದ ಲೆಪ್ಟೊ, ಅಂದರೆ ಇಲಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದೀರಿ ಅಂತ ಕೇಳಿದರು. ಮುಂಬಯಿ ಮಳೆಯ ನೀರು ಅಂದರೆ ಇಲಿಯ ಮೂತ್ರ ಕಲೆತ ನೀರು, ಆ ಜ್ವರ ನಮಗೂ ಬರುತ್ತದೆ, ನಾಯಿಗೂ ಬರುತ್ತದೆ. ಆ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು. ಎಲ್ಲ ಮುಗಿದ ಮೇಲೆ ಡಾಕ್ಟರು ಕೈ ತೊಳೆಯುತ್ತಾ ಒಂದು ಮಾತು ಹೇಳಿದರು. ಈ ಪಾದ ನನಗೆ ಬಿಡಿ, ಉಳಿದ ಮೂರು ಕಾಲು ನಿಮ್ಮ ಜವಾಬ್ದಾರಿ.

ನನಗೆ ಅವತ್ತು ಅರ್ಥವಾಗಲಿಲ್ಲ. ಎರಡನೇ ದಿನ ಅರ್ಥವಾಯಿತು.

ನಾಯಿ ತನ್ನ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೆ ಹೊರುತ್ತದೆ. ಒಂದು ಮುಂಗಾಲು ಎತ್ತಿಕೊಂಡರೆ ಅದರಲ್ಲಿ ಹೆಚ್ಚಿನದು ಇನ್ನೊಂದು ಮುಂಗಾಲಿಗೆ ಬರುತ್ತದೆ. ಮರಿನಾಯಿ ಮೂರು ಕಾಲಿನಲ್ಲಿ ಓಡುತ್ತದೆ. ಮುದಿ ನಾಯಿಗೆ ಹಿಂಗಾಲಿನ ಕೀಲು ಸವೆದಿರುತ್ತದೆ, ತೊಡೆಯ ಸ್ನಾಯು ಇಳಿದಿರುತ್ತದೆ. ಕಾಳು ಎದ್ದು ನಿಂತ. ಅವನ ಒಳ್ಳೆಯ ಮುಂಗಾಲು, ಗಾಯವೇ ಇಲ್ಲದ ಬಲಗಾಲು, ಮೊಣಕೈಯಿಂದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ನಾನು ಕೆಳಗೆ ಕೂತು ಆ ಕಾಲಿನ ಮೇಲೆ ಕೈಯಿಟ್ಟೆ. ಚರ್ಮದ ಕೆಳಗೆ ಸ್ನಾಯು ತಂತಿಯ ಹಾಗೆ ಬಿಗಿದಿತ್ತು. ಆಮೇಲೆ ಅವನು ಕೂತುಬಿಟ್ಟ. ಅದಾದ ಮೇಲೆ ಏಳಲು ಮನಸ್ಸೇ ಮಾಡಲಿಲ್ಲ.

ಗಾಯ ಎರಡು ವಾರಕ್ಕೆ, ಮೂರು ವಾರಕ್ಕೆ ಮುಚ್ಚುತ್ತದೆ. ಆ ಮೂರು ವಾರ ಮಲಗಿದ ಮುದಿ ನಾಯಿ ಮತ್ತೆ ಏಳದೇ ಹೋಗಬಹುದು. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ. ಗಾಯಕ್ಕೆ ವಿಶ್ರಾಂತಿ ಬೇಕು, ಆದರೆ ನಾಯಿ ಪೂರ್ತಿ ಮಲಗಿಬಿಡಬಾರದು. ಈ ಎರಡರ ನಡುವೆ ದಿನಾ ಹಗ್ಗದ ಮೇಲೆ ನಡೆದ ಹಾಗೆ.

ಮೊದಲು ನೆಲ. ನಮ್ಮಲ್ಲಿ ಈಗ ಎಲ್ಲರ ಮನೆಯಲ್ಲೂ ಹೊಳೆಯುವ ಟೈಲ್ಸ್. ನಾಲ್ಕು ಕಾಲು ನೆಟ್ಟಗಿದ್ದ ನಾಯಿಯೇ ಜಾರುತ್ತದೆ, ಮೂರು ಕಾಲಿನದು ಏನು ಮಾಡೀತು? ಹಳೇ ಯೋಗ ಮ್ಯಾಟ್ ಕತ್ತರಿಸಿ ಅವನ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿ ಹಾಸಿದೆವು. ಸಂಜೆಯೊಳಗೆ ಎದ್ದು ಆ ದಾರಿಯಲ್ಲೇ ನಡೆದ. ಅಷ್ಟು ಬೇಗ. ಅವನಿಗೆ ನೋವಿಗಿಂತ ಜಾರುವ ಹೆದರಿಕೆ ಜಾಸ್ತಿ ಇತ್ತು. ಬಟ್ಟಲನ್ನೂ ಎತ್ತರಕ್ಕಿಡಿ, ಎದೆಯ ಮಟ್ಟಕ್ಕೆ. ತಲೆ ಬಗ್ಗಿಸಿದಷ್ಟೂ ಭಾರ ಮುಂದಕ್ಕೆ ಬರುತ್ತದೆ. ನಾವು ಎರಡು ಇಟ್ಟಿಗೆಯ ಮೇಲೆ ಇಟ್ಟೆವು.

ಉಚ್ಚೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಗಂಡುನಾಯಿ ಹಿಂಗಾಲೆತ್ತಿ ಉಚ್ಚೆ ಹೊಯ್ಯುತ್ತದೆ. ಮುಂದೆ ಒಂದು ಕಾಲು ಇಲ್ಲ, ಹಿಂದೆ ಒಂದು ಎತ್ತಿದರೆ ಉಳಿಯುವುದು ಎರಡು. ಕಾಳು ಮೊದಲ ದಿನ ಹದಿನಾಲ್ಕು ಗಂಟೆ ತಡೆದುಕೊಂಡ. ನಾನು ಮೂರು ಮಹಡಿ ಹೊತ್ತು ಇಳಿಸಿ, ಮರದ ಹತ್ತಿರ ನಿಲ್ಲಿಸಿ, ಕಾದು, ಮತ್ತೆ ಹೊತ್ತು ತರುತ್ತಿದ್ದೆ. ಅವನು ಮರ ಮೂಸುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ಅಷ್ಟೇ. ಕೊನೆಗೆ ನಮ್ಮ ವಾಚ್‌ಮನ್, ಕೊಂಕಣದ ಕಡೆಯವರು, ಒಂದು ಹಳೇ ಟವೆಲ್ ಅವನ ಎದೆಯ ಕೆಳಗೆ ಹಾಯಿಸಿ ಎರಡೂ ತುದಿ ಮೇಲಕ್ಕೆ ಹಿಡಿದುಕೊಂಡರು. ಎದೆಯ ಭಾರ ಟವೆಲ್ಲಿಗೆ ಬಂತು. ಒಂದು ಕ್ಷಣ ನಿಂತ, ಆಮೇಲೆ ಹಿಂಗಾಲು ಸ್ವಲ್ಪ ಎತ್ತಿದ. ನಾವಿಬ್ಬರೂ ಮಳೆಯಲ್ಲಿ ನಿಂತು ಎರಡು ನಿಮಿಷ ಅದನ್ನೇ ನೋಡಿದೆವು. ಅಷ್ಟು ಸಮಾಧಾನ ನನಗೆ ಬಹಳ ದಿನದಲ್ಲಿ ಆಗಿರಲಿಲ್ಲ. ಮುಂಗಾಲಿಗೆ ಗಾಯವಾದರೆ ಟವೆಲ್ ಎದೆಯ ಕೆಳಗೆ, ಹಿಂಗಾಲಿಗಾದರೆ ಹೊಟ್ಟೆಯ ಹಿಂಭಾಗದಲ್ಲಿ, ತೊಡೆಯ ಮುಂದೆ. ಎತ್ತಿಕೊಳ್ಳುವಾಗ ಒಂದು ತೋಳು ಎದೆಯ ಮುಂದೆ, ಇನ್ನೊಂದು ಪೃಷ್ಠದ ಹಿಂದೆ. ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿದರೆ ಬೆನ್ನು ಬಾಗುತ್ತದೆ.

ಈಗ ಬ್ಯಾಂಡೇಜು. ನೀವೇ ಮನೆಯಲ್ಲಿ ಶುರು ಮಾಡಬೇಡಿ, ಒಂದೆರಡು ಸಲ ಡಾಕ್ಟರು ಕಟ್ಟುವುದನ್ನು ನೋಡಿ, ಅವರ ಮುಂದೆಯೇ ಕಟ್ಟಿ ತೋರಿಸಿ. ಬೆರಳುಗಳ ಸಂದಿಯಲ್ಲಿ ತೆಳುವಾಗಿ ಹತ್ತಿ, ಯಾಕೆಂದರೆ ನಾಯಿ ಬೆವರುವುದು ಪಾದದಲ್ಲೇ, ಸಂದಿ ತೇವವಾದರೆ ಹೊಸ ಹುಣ್ಣು. ಗಾಯದ ಮೇಲೆ ಅಂಟಿಕೊಳ್ಳದ ಜಾಳು ಬಟ್ಟೆ, ಪ್ಯಾರಾಫಿನ್ ಗಾಜ್ ಅಂತ ಮೆಡಿಕಲ್‌ನಲ್ಲಿ ಸಿಗುತ್ತದೆ. ಅದರ ಮೇಲೆ ದಪ್ಪಗೆ ಹತ್ತಿಯ ಸುತ್ತು, ಆಮೇಲೆ ಗಾಜ್ ಪಟ್ಟಿ, ಕೊನೆಗೆ ಕ್ರೇಪ್ ಅನ್ನುವ ಹಿಗ್ಗುವ ಪಟ್ಟಿ. ಬೆರಳಿನಿಂದ ಶುರು ಮಾಡಿ ಮಣಿಕಟ್ಟು ದಾಟಿ ಮೇಲಕ್ಕೆ. ಪಾದಕ್ಕೇ ನಿಲ್ಲಿಸಿದರೆ ಕಾಲುಚೀಲದ ಹಾಗೆ ಜಾರಿ ಬೀಳುತ್ತದೆ. ನಡುವಿನ ಎರಡು ಬೆರಳಿನ ಉಗುರಿನ ತುದಿ ಹೊರಗೆ ಕಾಣುತ್ತಿರಬೇಕು. ಇದು ಬಹಳ ಮುಖ್ಯ.

ಯಾಕೆ ಮುಖ್ಯ ಅಂತ ನಾನು ಕಲಿತದ್ದು ಕೆಟ್ಟ ರೀತಿಯಲ್ಲಿ. ಐದನೇ ದಿನ ರಾತ್ರಿ ಪಟ್ಟಿ ಸಡಿಲವಾಗಿತ್ತು, ಮತ್ತೆ ಜಾರಬಾರದು ಅಂತ ಕ್ರೇಪನ್ನು ಎಳೆದು ಬಿಗಿ ಸುತ್ತಿದೆ. ರಾತ್ರಿಯೆಲ್ಲ ಅವನು ಮಗ್ಗುಲು ಬದಲಿಸುತ್ತಾ ಇದ್ದ. ಗಾಯದ ನೋವು ಅಂದುಕೊಂಡೆ. ಬೆಳಿಗ್ಗೆ ದೀಪ ಹಾಕಿ ನೋಡಿದರೆ, ಪಕ್ಕಪಕ್ಕ ಇರುತ್ತಿದ್ದ ಆ ಎರಡು ಉಗುರು ಒಂದಕ್ಕೊಂದು ದೂರ ಸರಿದಿದ್ದವು. ಬೆರಳು ಊದಿ ಅವನ್ನು ದೂಡಿತ್ತು. ಮುಟ್ಟಿದರೆ ತಣ್ಣಗೆ. ಆ ಕ್ಷಣವೇ ಕತ್ತರಿಸಿ ತೆಗೆದೆ. ಅದೃಷ್ಟ, ಒಂದು ಗಂಟೆಯಲ್ಲಿ ಬೆಚ್ಚಗಾಯಿತು. ಇನ್ನೂ ತಡವಾಗಿದ್ದರೆ ಬೆರಳೇ ಹೋಗುತ್ತಿತ್ತು ಅಂದರು ಡಾಕ್ಟರು. ಅವತ್ತಿನಿಂದ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಉಗುರು ನೋಡುವುದು, ಮುಟ್ಟುವುದು, ಪಟ್ಟಿಯನ್ನು ಮೂಸುವುದು. ಹೌದು, ಮೂಸುವುದು. ಕೀವು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ. ಹುಳಿ ವಾಸನೆ ಬಂದರೆ, ಪಟ್ಟಿಯ ಮೇಲುಗಡೆ ಕಾಲು ಊದಿದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕಾಯಬೇಡಿ. ನಾಯಿಗೆ 101ರಿಂದ 102.5 ಸಹಜ, ನಮ್ಮ ಲೆಕ್ಕ ಅದಕ್ಕೆ ಹಾಕಬಾರದು.

ಒದ್ದೆಯಾದ ಪಟ್ಟಿ ಪಟ್ಟಿಯೇ ಇಲ್ಲದ್ದಕ್ಕಿಂತ ಕೆಟ್ಟದು. ಮುಂಬಯಿಯ ಜುಲೈನಲ್ಲಿ ಒಣಗಿಸಿಡುವುದು ಹೇಗೆ? ಈ ಚೀಲ ಬಂದದ್ದು ಇಲ್ಲೇ. ಒಂದು ತುದಿ ಕತ್ತರಿಸಿ ಪಾದ ತೂರಿಸಿ, ಮೇಲೆ ಬಟ್ಟೆಯ ಪಟ್ಟಿ ಕಟ್ಟುವುದು. ಸಾದಾ ಕ್ಯಾರಿಬ್ಯಾಗ್ ನಾಲ್ಕು ಹೆಜ್ಜೆಗೆ ಹರಿಯುತ್ತದೆ, ಇದು ದಪ್ಪ, ವಾರಗಟ್ಟಲೆ ಬರುತ್ತದೆ. ಸೂಜಿ ಚುಚ್ಚುವ ತುದಿ ಪೂರ್ತಿ ಕತ್ತರಿಸಿ, ಚೆನ್ನಾಗಿ ತೊಳೆದದ್ದು ಇರಲಿ. ಮನೆಗೆ ಬಂದ ತಕ್ಷಣ ಬಿಚ್ಚಿ, ಒಳಗೆ ಬೆವರು ನಿಲ್ಲುತ್ತದೆ. ರಬ್ಬರ್ ಬ್ಯಾಂಡ್ ಮಾತ್ರ ಯಾವತ್ತೂ ಹಾಕಬೇಡಿ. ಕೂದಲೊಳಗೆ ಅಡಗಿ ಕೂತು ಚರ್ಮ ಕೊಯ್ಯುತ್ತದೆ, ಮರೆತೇಹೋಗುತ್ತದೆ.

ನಾಯಿಯ ಎಂಜಲೇ ಔಷಧ ಅಂತ ನಮ್ಮ ಕಡೆ ಹೇಳುತ್ತಾರೆ. ಒರಟು ನಾಲಿಗೆ ಹೊಲಿಗೆ ಬಿಚ್ಚಿಸುತ್ತದೆ, ಬಾಯಿಯ ಕ್ರಿಮಿ ಗಾಯಕ್ಕೆ ಹೋಗುತ್ತದೆ. ಹಾಗಾಗಿ ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಕೋನ್ ಬೇಕು, ಅದರ ಅಂಚು ಮೂಗಿಗಿಂತ ಮುಂದೆ ಇರಬೇಕು. ಗಾಳಿ ತುಂಬುವ ಉಂಗುರದಂಥದ್ದು ನೋಡಲು ಹಿತ, ಆದರೆ ಪಾದಕ್ಕೆ ಉಪಯೋಗವಿಲ್ಲ, ಅದರ ಮೇಲಿಂದಲೇ ನೆಕ್ಕಿಕೊಳ್ಳುತ್ತದೆ. ಕಣ್ಣು ಮಂದವಾದ ನಾಯಿ ಕೋನ್ ಹಾಕಿಕೊಂಡು ಬಾಗಿಲಿಗೆ ಹೊಡೆದುಕೊಂಡು ಗಾಬರಿಯಾಗುತ್ತದೆ, ದಾರಿಯಲ್ಲಿರುವ ಸ್ಟೂಲು, ಚಪ್ಪಲಿ ತೆಗೆದಿಡಿ, ಊಟದ ಹೊತ್ತಿಗೆ ಮುಂದೆ ಕೂತು ಕೋನ್ ತೆಗೆಯಿರಿ. ಮಳೆಗಾಲದಲ್ಲಿ ನೊಣದ ಕಾಟ ಬೇರೆ. ತೆರೆದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ಕಂಡರೆ ಸೀಮೆಎಣ್ಣೆ, ಫಿನೈಲ್ ಸುರಿಯಬೇಡಿ. ಡಾಕ್ಟರ ಕೆಲಸ ಅದು.

ಮಲಗುವ ಜಾಗಕ್ಕೆ ನಮ್ಮವ್ವ ತನ್ನ ಕೌದಿ ಕೊಟ್ಟಳು. ನಾಲ್ಕು ಮಡಿಕೆ ಮಾಡಿ ಹಾಸಿದರೆ ಮೊಣಕೈ ಮೂಳೆ ನೆಲಕ್ಕೆ ತಾಗುವುದಿಲ್ಲ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಅಲ್ಲೇ ಹುಣ್ಣಾಗುತ್ತದೆ. ಮಧ್ಯಾಹ್ನ ಅವ್ವ ಅವನ ಪಕ್ಕ ಕೂತು ಭುಜ ನೀವುತ್ತಿದ್ದಳು, ಹಿಂಗಾಲು ಒಂದೊಂದಾಗಿ ಮೆಲ್ಲಗೆ ಮಡಚಿ ಬಿಡಿಸುತ್ತಿದ್ದಳು. ಡಾಕ್ಟರು ಒಪ್ಪಿದ ಮೇಲೆ ಮಾತ್ರ ಹೀಗೆ ಮಾಡಿ, ನಾಯಿ ಕಾಲು ಎಳೆದುಕೊಳ್ಳುವ ಮೊದಲೇ ನಿಲ್ಲಿಸಿ. ಜೋಳದ ರೊಟ್ಟಿಯ ಚೂರುಗಳನ್ನು ಮ್ಯಾಟ್ ದಾರಿಯಲ್ಲಿ ಅಲ್ಲಲ್ಲಿ ಬಟ್ಟೆಯ ಕೆಳಗೆ ಅಡಗಿಸುತ್ತಿದ್ದಳು. ಅವನು ಮೂಸುತ್ತಾ ಎದ್ದು ಹುಡುಕುತ್ತಿದ್ದ. ಅರಿಶಿನದ ವಿಷಯದಲ್ಲಿ ನಾನು ಅವಳ ಮೇಲೆ ರೇಗಿದ್ದೆ. ಅವನನ್ನು ಎಬ್ಬಿಸಿ ನಡೆಸಿದ್ದು ಅವಳೇ. ಊಟ ಮಾತ್ರ ಜಾಸ್ತಿ ಮಾಡಬೇಡಿ, ಪಾಪ ಅಂತ ತುಪ್ಪ ಹಾಕಿದರೆ ಆ ತೂಕ ಹೊರುವುದು ಅದೇ ಮೂರು ಕಾಲು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮೊದಲೇ ಬೇಡ, ನಾಯಿಯ ರಕ್ತಕ್ಕೆ ಅದು ಕೆಟ್ಟದ್ದು.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಪಾದ ಊರುತ್ತಿರಲಿಲ್ಲ. ಗಾಯ ಮುಚ್ಚಿದೆ, ಆದರೂ ಕಾಲು ಮೇಲೇ. ಹದಿನೆಂಟನೇ ದಿನ ಎದುರು ಮನೆಯ ಕಾಕೂ ಬೊಂಬಿಲ್ ಮೀನು ಕರಿಯುತ್ತಿದ್ದರು. ವಾಸನೆ ಬಂತು. ಕಾಳು ಎದ್ದ, ಬಾಗಿಲಿಗೆ ಹೋದ, ಕತ್ತು ಚಾಚಿ ನಿಂತ. ಎಡಪಾದ ಮ್ಯಾಟಿನ ಮೇಲೆ ಚಪ್ಪಟೆಯಾಗಿ ಕೂತಿತ್ತು, ನಾಲ್ಕು ಬೆರಳೂ ಅಗಲವಾಗಿ. ನಾನು ಉಸಿರು ಬಿಗಿಹಿಡಿದು ನೋಡಿದೆ.

ಅಲ್ಲಿಂದ ದಿನಕ್ಕೆ ಮೂರು ಸಲ, ಐದೈದು ನಿಮಿಷ, ಹಗ್ಗ ಹಿಡಿದೇ. ಮೊದಲು ಮೈದಾನದ ಅಂಚಿನ ಮೆತ್ತನೆ ಮಣ್ಣು, ಪೇವರ್ ಬ್ಲಾಕ್ ಆಮೇಲೆ. ಹೊಸ ಚರ್ಮ ಗುಲಾಬಿ ಬಣ್ಣ, ತೆಳು. ಅಕ್ಟೋಬರ್ ಬಿಸಿಲಿನಲ್ಲಿ ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಇಟ್ಟು ಐದು ಸೆಕೆಂಡ್ ತಾಳಲಾಗದಿದ್ದರೆ ಅದನ್ನೂ ನಡೆಸಬೇಡಿ.

ಇನ್ನೊಂದು ವಿಷಯ ಉಳಿಯಿತು, ಇದನ್ನು ಬಿಡುವಂತಿಲ್ಲ. ಮುದಿ ನಾಯಿಯ ಪಾದದ ಗಾಯ ಮಾಯುತ್ತಲೇ ಇಲ್ಲ ಅಂದರೆ, ಮುಲಾಮು ಬದಲಿಸುತ್ತಾ ಕೂರಬೇಡಿ. ನನ್ನ ಪರಿಚಯದವರೊಬ್ಬರು ಮಾಟುಂಗದಲ್ಲಿದ್ದಾರೆ. ಅವರ ಕಪ್ಪು ಲ್ಯಾಬ್ರಡಾರ್‌ಗೆ ಒಂದು ಉಗುರು ಕಿತ್ತುಬಂತು. ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಅಂತ ಮೂರು ತಿಂಗಳು ಮುಲಾಮು, ಆಂಟಿಬಯಾಟಿಕ್. ಕೊನೆಗೆ ಎಕ್ಸ್‌ರೇ ತೆಗೆದರೆ ಬೆರಳಿನ ಮೂಳೆ ಕರಗಿತ್ತು. ಉಗುರಿನ ಬುಡದ ಕ್ಯಾನ್ಸರ್. ದೊಡ್ಡ ಗಾತ್ರದ ಕಪ್ಪು ನಾಯಿಗಳಲ್ಲಿ ಇದು ಜಾಸ್ತಿ. ಬೆರಳು ತೆಗೆದರು, ನಾಯಿ ಈಗಲೂ ಚೆನ್ನಾಗಿ ನಡೆಯುತ್ತದೆ. ಒಂದು ಬೆರಳು ಹೋದರೆ ನಾಯಿಗೆ ದೊಡ್ಡ ತೊಂದರೆಯಿಲ್ಲ. ಹಾಗೆಯೇ ಹಿಂಗಾಲಿನ ಬೆರಳ ಮೇಲ್ಭಾಗ ಪದೇಪದೇ ತರಚುತ್ತಿದ್ದರೆ, ಉಗುರು ಮುಂಭಾಗದಲ್ಲಿ ಸವೆದಿದ್ದರೆ, ಅದು ಪಾದದ ಕಾಯಿಲೆಯಲ್ಲ. ಕಾಲು ಎಳೆಯುತ್ತಿದೆ, ಬೆನ್ನುಹುರಿ ನೋಡಿಸಬೇಕು. ದುಡ್ಡಿನ ಅಡಚಣೆ ಇರುವವರು ಪರೇಲ್‌ನಲ್ಲಿ ವಿಚಾರಿಸಿ. ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇರುವುದು ಅಲ್ಲಿ, 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜು ಇರುವುದೂ ಪರೇಲ್‌ನಲ್ಲೇ.

ಪಟ್ಟಿ, ಹತ್ತಿ, ಮೊಂಡು ತುದಿಯ ಕತ್ತರಿ, ಈ ಚೀಲ ಎಲ್ಲ ಇಲ್ಲಿ ಮೇಜಿನ ಮೇಲಿದೆ. ಒಂದು ಹಳೇ ದಿಂಬಿನ ತುದಿಯನ್ನು ಪಾದದ ಹಾಗೆ ಹೊಲಿದು ತಂದಿದ್ದೇನೆ. ಮುಂದೆ ಬನ್ನಿ, ಒಬ್ಬೊಬ್ಬರೂ ಒಮ್ಮೆ ಕಟ್ಟಿ ನೋಡಿ, ಎಷ್ಟು ಬಿಗಿಯಾದರೆ ಜಾಸ್ತಿ ಅಂತ ನಿಮ್ಮ ಬೆರಳಿಗೇ ಗೊತ್ತಾಗಲಿ.